ಕೊನೆಯ ಮೂರು ಔಟ್‌ಗಳ ಕೆಲಸ: ರಿಲೀಫ್ ಪಿಚರ್ ಎಂಬ ವೃತ್ತಿ

ಬೇಸ್‌ಬಾಲ್ ನೋಡಲು ಕುಳಿತ ಕ್ರಿಕೆಟ್ ಪ್ರೇಮಿ ಮೊದಲು ಒಂದು ಅಭ್ಯಾಸವನ್ನು ಬದಿಗಿಡಬೇಕು. ಟಿ20 ಕ್ರಿಕೆಟ್‌ನಲ್ಲಿ ನಾಯಕ ತನ್ನ ಮುಖ್ಯ ವೇಗಿಗೆ ಆರಂಭದಲ್ಲಿ ಎರಡು ಓವರ್ ಕೊಟ್ಟು, ಉಳಿದ ಎರಡನ್ನು ಕೊನೆಗೆಂದು ಉಳಿಸಿಕೊಳ್ಳುತ್ತಾನೆ. ಬೇಸ್‌ಬಾಲ್‌ನಲ್ಲಿ ಚೆಂಡೆಸೆಯುವ ಪಿಚರ್ ಒಮ್ಮೆ ಪಂದ್ಯದಿಂದ ಹೊರನಡೆದರೆ ಆ ದಿನಕ್ಕೆ ಅವನ ಆಟ ಮುಗಿಯಿತು. ಅವನ ಜಾಗಕ್ಕೆ ಬರುವ ರಿಲೀಫ್ ಪಿಚರ್‌ಗೂ ಇದೇ ನಿಯಮ. ಒಂಬತ್ತು ಇನಿಂಗ್ಸ್, ಪ್ರತಿ ಇನಿಂಗ್ಸ್‌ಗೆ ಮೂರು ಔಟ್, ಒಟ್ಟು 27 ಔಟ್. ಇಷ್ಟನ್ನು ಪಡೆಯಲು ತಂಡ ನಡೆಸುವ ಮ್ಯಾನೇಜರ್ ಯಾರನ್ನು ಯಾವಾಗ ಕಳುಹಿಸುತ್ತಾನೋ ಆ ನಿರ್ಧಾರವನ್ನು ಮತ್ತೆ ಬದಲಿಸಲು ಬರುವುದಿಲ್ಲ. ರಿಲೀಫ್ ಪಿಚರ್ ಎಂಬ ವೃತ್ತಿಯ ಬೆಲೆಯೆಲ್ಲ ಈ ನಿಯಮದ ಮೇಲೆ ನಿಂತಿದೆ.

ಪಂದ್ಯವನ್ನು ಆರಂಭಿಸುವ ಪಿಚರ್‌ನನ್ನು ಸ್ಟಾರ್ಟರ್ ಎನ್ನುತ್ತಾರೆ. ಹಿಂದೆ ಆರಂಭಿಸಿದವನೇ ಮುಗಿಸುವುದು ವಾಡಿಕೆಯಾಗಿತ್ತು. 1890ರಿಂದ 1911ರವರೆಗೆ ಆಡಿದ ಸೈ ಯಂಗ್ 749 ಪಂದ್ಯಗಳನ್ನು ತಾವೇ ಆರಂಭಿಸಿ ತಾವೇ ಮುಗಿಸಿದರು. ಇಂದು ಸ್ಟಾರ್ಟರ್ ಸುಮಾರು 90ರಿಂದ 100 ಎಸೆತ ಹಾಕಿ, ಐದಾರು ಇನಿಂಗ್ಸ್ ಮುಗಿಸಿ, ಮುಂದಿನ ನಾಲ್ಕೈದು ದಿನ ವಿಶ್ರಾಂತಿ ಪಡೆಯುತ್ತಾನೆ. ತೋಳಿನ ದಣಿವು ಇದಕ್ಕೆ ಒಂದು ಕಾರಣ ಮಾತ್ರ. ಎದುರಾಳಿಯ ಒಂಬತ್ತು ಬ್ಯಾಟರ್‌ಗಳ ಸರದಿ ಮುಗಿದ ಮೇಲೆ ಮತ್ತೆ ಮೊದಲಿನವನೇ ಬರುತ್ತಾನೆ. ಅದೇ ಪಿಚರ್‌ನನ್ನು ಒಂದೇ ದಿನ ಮೂರನೆಯ ಸಲ ಎದುರಿಸುವ ಬ್ಯಾಟರ್‌ಗೆ ಅವನ ಕೈಚಳಕ ಪರಿಚಯವಾಗಿರುತ್ತದೆ. ಚೆಂಡು ಬೆರಳು ಬಿಡುವ ರೀತಿಯಿಂದಲೇ ಬರಲಿರುವ ಎಸೆತ ಯಾವುದೆಂದು ಊಹಿಸತೊಡಗುತ್ತಾನೆ. ಅಷ್ಟರಲ್ಲಿ ಹೊಸ ಮುಖ, ಹೊಸ ವೇಗ, ಹೊಸ ಕೋನ ಬೇಕು. ಅಮೆರಿಕದ ಮೇಜರ್ ಲೀಗ್‌ನಲ್ಲಿ ತಂಡಕ್ಕೆ 26 ಆಟಗಾರರು, ಅವರಲ್ಲಿ ಹೆಚ್ಚೆಂದರೆ 13 ಪಿಚರ್‌ಗಳು. ಐವರು ಸ್ಟಾರ್ಟರ್‌ಗಳು, ಉಳಿದ ಎಂಟು ಮಂದಿ ರಿಲೀಫ್ ಪಿಚರ್‌ಗಳು.

ಈ ಎಂಟು ಮಂದಿ ಎಲ್ಲಿಂದ ಬರುತ್ತಾರೆ? ರಿಲೀಫ್ ಪಿಚರ್ ಆಗಬೇಕೆಂದು ಕನಸು ಕಂಡು ಬೆಳೆದ ಹುಡುಗರು ಅಪರೂಪ. ಬಹುಪಾಲು ಮಂದಿ ಸ್ಟಾರ್ಟರ್ ಆಗಲು ಹೊರಟು ಅಲ್ಲಿ ನಿಲ್ಲಲಾಗದೆ ಬಂದವರು. ಒಂದೇ ಬ್ಯಾಟರ್‌ನನ್ನು ಮೂರು ಸಲ ಎದುರಿಸಬೇಕಾದವನಿಗೆ ಮೂರು ನಾಲ್ಕು ಬಗೆಯ ಎಸೆತ ಬೇಕು. ಎರಡೇ ಬಗೆ ಇದ್ದರೆ ಆರನೆಯ ಇನಿಂಗ್ಸ್‌ನಲ್ಲಿ ಬಣ್ಣ ಬಯಲಾಗುತ್ತದೆ. ಆದರೆ ಒಂದೇ ಇನಿಂಗ್ಸ್ ಆಡುವವನಿಗೆ ಎರಡು ಸಾಕು, ಅವು ಚೆನ್ನಾಗಿದ್ದರೆ. ಹದಿನೈದಿಪ್ಪತ್ತು ಎಸೆತದಲ್ಲಿ ಕೆಲಸ ಮುಗಿಯುವುದರಿಂದ ಶಕ್ತಿ ಉಳಿಸಿಕೊಳ್ಳುವ ಲೆಕ್ಕಾಚಾರವೂ ಇಲ್ಲ. ಮೊದಲ ಎಸೆತದಿಂದಲೇ ಪೂರ್ತಿ ವೇಗ. ಸ್ಟಾರ್ಟರ್ ಆಗಿ ಸೋತವನ ಕೊರತೆ ಇಲ್ಲಿ ಕೊರತೆಯಾಗಿ ಉಳಿಯುವುದಿಲ್ಲ.

ಇದಕ್ಕೆ ಮರಿಯಾನೊ ರಿವೇರಾ ಅವರಿಗಿಂತ ಒಳ್ಳೆಯ ಉದಾಹರಣೆ ನನಗೆ ತಿಳಿದಿಲ್ಲ. ಪನಾಮ ದೇಶದ ಪೋರ್ಟೊ ಕೈಮಿಟೊ ಎಂಬ ಮೀನುಗಾರರ ಊರಿನಲ್ಲಿ ಬೆಳೆದವರು, ತಂದೆಯ ದೋಣಿಯಲ್ಲಿ ಮೀನು ಹಿಡಿಯಲು ಹೋಗುತ್ತಿದ್ದವರು. ಬಾಲ್ಯದಲ್ಲಿ ಅವರ ಕೈಗವಸು ಹಾಲಿನ ರಟ್ಟಿನ ಡಬ್ಬಿಯಿಂದ ಮಾಡಿದ್ದು. ಸ್ಥಳೀಯ ತಂಡದಲ್ಲಿ ಅವರು ಪಿಚರ್ ಕೂಡ ಆಗಿರಲಿಲ್ಲ, ಶಾರ್ಟ್‌ಸ್ಟಾಪ್ (ಒಳ ಮೈದಾನದ ಫೀಲ್ಡರ್) ಆಗಿದ್ದರು. ತಂಡದ ಪಿಚರ್ ಎಸೆಯಲಾಗದೆ ಒದ್ದಾಡಿದ ಒಂದು ದಿನ ತಾವೇ ಮುಂದೆ ಬಂದು ಎಸೆದರು. 1990ರ ಫೆಬ್ರುವರಿಯಲ್ಲಿ ನ್ಯೂಯಾರ್ಕ್ ಯಾಂಕೀಸ್ ತಂಡ ಕೆಲವೇ ಸಾವಿರ ಡಾಲರ್ ಕೊಟ್ಟು ಒಪ್ಪಂದ ಮಾಡಿಕೊಂಡಿತು. 1992ರಲ್ಲಿ ಮೊಣಕೈಗೆ ಶಸ್ತ್ರಚಿಕಿತ್ಸೆಯಾಯಿತು. ಅದೇ ವರ್ಷ ಲೀಗ್‌ಗೆ ಸೇರಲಿದ್ದ ಎರಡು ಹೊಸ ತಂಡಗಳು ಹಳೆಯ ತಂಡಗಳಿಂದ ಆಟಗಾರರನ್ನು ಆರಿಸಿಕೊಳ್ಳುವ ಅವಕಾಶವಿತ್ತು. ಯಾಂಕೀಸ್ ತನ್ನ ಬಳಿಯೇ ಉಳಿಸಿಕೊಳ್ಳಲು ಬಯಸಿದವರ ಪಟ್ಟಿಯಲ್ಲಿ ರಿವೇರಾ ಹೆಸರೇ ಇರಲಿಲ್ಲ. ಆ ಎರಡು ತಂಡಗಳೂ ಅವರನ್ನು ಆರಿಸಲಿಲ್ಲ.

1995ರ ಮೇ 23ರಂದು ಸ್ಟಾರ್ಟರ್ ಆಗಿ ಮೇಜರ್ ಲೀಗ್‌ನಲ್ಲಿ ಮೊದಲ ಪಂದ್ಯ. ನಾಲ್ಕನೆಯ ಇನಿಂಗ್ಸ್ ಮುಗಿಸುವ ಮೊದಲೇ ಐದು ರನ್ ಕೊಟ್ಟು ಹೊರಬಂದರು. ಮುಂದಿನ ತಿಂಗಳು ಕೆಳಹಂತದ ಮೈನರ್ ಲೀಗ್‌ಗೆ ವಾಪಸ್. ಅಲ್ಲಿ ಭುಜದ ನೋವಿಗೆ ಕೆಲವು ದಿನ ವಿಶ್ರಾಂತಿ ಪಡೆದು ಮತ್ತೆ ಎಸೆದಾಗ ವೇಗ ಗಂಟೆಗೆ 95 ಮೈಲು, ಅಂದರೆ ಸುಮಾರು 153 ಕಿಲೋಮೀಟರ್ ಮುಟ್ಟಿತು. ಜುಲೈ 4ರಂದು ಶಿಕಾಗೊ ವೈಟ್ ಸಾಕ್ಸ್ ವಿರುದ್ಧ ಎಂಟು ಇನಿಂಗ್ಸ್ ಎಸೆದು ಒಂದು ರನ್ನೂ ಕೊಡದೆ 11 ಮಂದಿಯನ್ನು ಸ್ಟ್ರೈಕ್‌ಔಟ್ (ಚೆಂಡನ್ನು ಆಡಲಾಗದಂತೆ ಎಸೆದು ಪಿಚರ್ ತಾನೇ ಪಡೆಯುವ ಔಟ್) ಮಾಡಿದರು. ಆದರೂ ಆ ವರ್ಷದ ಸರಾಸರಿ 5.51. ಪಿಚರ್‌ನ ಸರಾಸರಿಯೆಂದರೆ ಒಂಬತ್ತು ಇನಿಂಗ್ಸ್‌ಗೆ ಅವನು ಕೊಟ್ಟ ರನ್. ಫೀಲ್ಡರ್‌ಗಳ ತಪ್ಪಿನಿಂದ ಬಂದ ರನ್ ಅದರಲ್ಲಿ ಸೇರುವುದಿಲ್ಲ. 5.51 ಎಂದರೆ ಕೆಲಸ ಕಳೆದುಕೊಳ್ಳುವ ಮಟ್ಟದ ಅಂಕಿ. ಆ ಋತುವಿನ ಹತ್ತು ಪಂದ್ಯಗಳ ನಂತರ ಅವರು ಮತ್ತೆಂದೂ ಸ್ಟಾರ್ಟರ್ ಆಗಿ ಆಡಲಿಲ್ಲ.

1996ರಲ್ಲಿ ಅವರಿಗೆ ಕೊಟ್ಟದ್ದು ಮಧ್ಯದ ಕೆಲಸ. ಒಂಬತ್ತನೆಯ ಇನಿಂಗ್ಸ್ ಎಸೆಯಲು ಜಾನ್ ವೆಟ್‌ಲ್ಯಾಂಡ್ ಇದ್ದರು. ಅವರ ಕೈಗೆ ಪಂದ್ಯ ತಲುಪುವವರೆಗೆ ಮುನ್ನಡೆಯನ್ನು ಕಾಯುವುದು ರಿವೇರಾ ಪಾಲಿಗೆ ಬಂತು. ಆ ವರ್ಷ ಅವರು ಸುಮಾರು 108 ಇನಿಂಗ್ಸ್ ಎಸೆದು 130 ಸ್ಟ್ರೈಕ್‌ಔಟ್ ಪಡೆದರು, ಸರಾಸರಿ 2.09. ಎದುರಾಳಿ ತಂಡಗಳ ಪಾಲಿಗೆ ಪಂದ್ಯ ಆರು ಇನಿಂಗ್ಸ್‌ಗೆ ಇಳಿಯಿತು: ಆರು ಮುಗಿಯುವಷ್ಟರಲ್ಲಿ ಯಾಂಕೀಸ್ ಮುಂದಿದ್ದರೆ ಏಳು ಮತ್ತು ಎಂಟಕ್ಕೆ ರಿವೇರಾ, ಒಂಬತ್ತಕ್ಕೆ ವೆಟ್‌ಲ್ಯಾಂಡ್. ತಂಡ ಮೇಜರ್ ಲೀಗ್‌ನ ಫೈನಲ್ ಸರಣಿಯಾದ ವರ್ಲ್ಡ್ ಸೀರೀಸ್ ಗೆದ್ದಿತು. ರಿವೇರಾ ವೃತ್ತಿಜೀವನದಲ್ಲಿ ತಂಡಕ್ಕೆ ಅತಿ ಹೆಚ್ಚು ಉಪಯೋಗವಾದ ವರ್ಷ ಇದೇ ಎಂಬುದು ನನ್ನ ನಂಬಿಕೆ. ಆದರೆ ಅವರ ಹೆಸರಿನೊಂದಿಗೆ ಸದಾ ಬರುವ ಅಂಕಿಯ ಪ್ರಕಾರ ಅದು ಅತ್ಯಂತ ಬಡ ವರ್ಷಗಳಲ್ಲಿ ಒಂದು. ಆ ಅಂಕಿಯ ಹೆಸರು ಸೇವ್. 1996ರಲ್ಲಿ ಅವರಿಗೆ ಸಿಕ್ಕದ್ದು ಐದೇ ಐದು.

ಸೇವ್ ಎಂಬುದನ್ನು ರೂಪಿಸಿದವರು ಶಿಕಾಗೊದ ಕ್ರೀಡಾ ವರದಿಗಾರ ಜೆರೋಮ್ ಹೋಲ್ಟ್‌ಜ್‌ಮನ್. ಬೇಸ್‌ಬಾಲ್‌ನಲ್ಲಿ ಪ್ರತಿ ಪಂದ್ಯದ ಗೆಲುವು, ಸೋಲನ್ನು ಒಬ್ಬೊಬ್ಬ ಪಿಚರ್‌ನ ಖಾತೆಗೆ ಬರೆಯುತ್ತಾರೆ. 1959ರಲ್ಲಿ ಪಿಟ್ಸ್‌ಬರ್ಗ್ ತಂಡದ ರಿಲೀಫ್ ಪಿಚರ್ ಎಲ್‌ರಾಯ್ ಫೇಸ್ 18 ಗೆಲುವು, ಒಂದೇ ಸೋಲು ಪಡೆದಿದ್ದರು. ಕೆಲವು ಪಂದ್ಯಗಳಲ್ಲಿ ಅವರೇ ಮುನ್ನಡೆಯನ್ನು ಕಳೆದು, ಆಮೇಲೆ ತಂಡದ ಬ್ಯಾಟರ್‌ಗಳು ರನ್ ಗಳಿಸಿ ಗೆಲ್ಲಿಸಿದ್ದರಿಂದ ಗೆಲುವು ಅವರ ಖಾತೆಗೆ ಹೋಗಿತ್ತು. ಮುನ್ನಡೆಯನ್ನು ನಿಜವಾಗಿ ಕಾಯ್ದುಕೊಂಡವನ ಹೆಸರು ಮಾತ್ರ ಎಲ್ಲೂ ದಾಖಲಾಗುತ್ತಿರಲಿಲ್ಲ. ಈ ಅನ್ಯಾಯ ಸರಿಪಡಿಸಲು ಹೋಲ್ಟ್‌ಜ್‌ಮನ್ ಹೊಸ ಲೆಕ್ಕ ಶುರು ಮಾಡಿದರು. 1969ರಲ್ಲಿ ಅದು ಅಧಿಕೃತವಾಯಿತು. ಇಂದಿನ ನಿಯಮ ಸ್ಥೂಲವಾಗಿ ಹೀಗಿದೆ: ಗೆದ್ದ ತಂಡದ ಪರ ಕೊನೆಯ ಔಟ್ ಪಡೆದ ಪಿಚರ್ ಆಗಿರಬೇಕು, ಆ ಪಂದ್ಯದ ಗೆಲುವು ಅವನ ಖಾತೆಗೆ ಹೋಗಿರಬಾರದು. ಜೊತೆಗೆ ಮುನ್ನಡೆ ಮೂರು ರನ್ ಮೀರದಿರುವಾಗ ಬಂದು ಕನಿಷ್ಠ ಒಂದು ಇನಿಂಗ್ಸ್ ಎಸೆದಿರಬೇಕು. ಇಲ್ಲವೇ, ಸಮಬಲ ತರಬಲ್ಲ ಎದುರಾಳಿ ಬೇಸ್ (ರನ್‌ಗಾಗಿ ಓಟಗಾರ ದಾಟಬೇಕಾದ ನಿಲ್ದಾಣ) ಮೇಲೆ, ಬ್ಯಾಟಿಂಗ್‌ನಲ್ಲಿ ಅಥವಾ ಮುಂದಿನ ಸರದಿಯಲ್ಲಿ ಇರುವಾಗ ಬಂದಿರಬೇಕು. ಕೊನೆಯ ಮೂರು ಇನಿಂಗ್ಸ್ ಪೂರ್ತಿ ಚೆನ್ನಾಗಿ ಎಸೆದವನಿಗೂ ಸೇವ್ ಸಿಗುತ್ತದೆ.

ಸದುದ್ದೇಶದ ಈ ಲೆಕ್ಕ ಆಟವನ್ನೇ ಬದಲಿಸಿತು, ಅದೂ ಪೂರ್ತಿ ಒಳ್ಳೆಯದಕ್ಕಲ್ಲ. 1970ರ ದಶಕದಲ್ಲಿ ರಾಲಿ ಫಿಂಗರ್ಸ್, ಗೂಸ್ ಗಾಸೇಜ್, ಬ್ರೂಸ್ ಸಟರ್ ಅಂಥವರು ಏಳನೆಯ ಇನಿಂಗ್ಸ್‌ನಲ್ಲಿ, ಎದುರಾಳಿಗಳು ಬೇಸ್‌ಗಳ ಮೇಲೆ ನಿಂತಿರುವಾಗಲೇ ಬರುತ್ತಿದ್ದರು. ಎಲ್ಲಿ ಬೆಂಕಿಯೋ ಅಲ್ಲಿಗೆ ಓಡುವವರು. 1974ರಲ್ಲಿ ಲಾಸ್ ಏಂಜಲೀಸ್ ಡಾಡ್ಜರ್ಸ್ ತಂಡದ ಮೈಕ್ ಮಾರ್ಷಲ್ 106 ಪಂದ್ಯಗಳಲ್ಲಿ 208 ಇನಿಂಗ್ಸ್ ಎಸೆದರು, ಒಂದು ಪಂದ್ಯವನ್ನೂ ತಾವು ಆರಂಭಿಸದೆ. ವರ್ಷದ ಶ್ರೇಷ್ಠ ಪಿಚರ್‌ಗೆ ಕೊಡುವ ಸೈ ಯಂಗ್ ಪ್ರಶಸ್ತಿ ಪಡೆದ ಮೊದಲ ರಿಲೀಫ್ ಪಿಚರ್ ಅವರೇ. ಯಾರ ತೋಳಿಗೂ ಅದು ಹೇಳಿಮಾಡಿಸಿದ ಕೆಲಸವಲ್ಲ ಎಂಬುದೂ ನಿಜ. 1980ರ ದಶಕದ ಕೊನೆಗೆ ಓಕ್‌ಲ್ಯಾಂಡ್‌ನ ಮ್ಯಾನೇಜರ್ ಟೋನಿ ಲಾ ರೂಸಾ, ಹಿಂದೆ ಒಳ್ಳೆಯ ಸ್ಟಾರ್ಟರ್ ಆಗಿದ್ದ ಡೆನಿಸ್ ಎಕರ್ಸ್‌ಲೀ ಅವರನ್ನು ಒಂಬತ್ತನೆಯ ಇನಿಂಗ್ಸ್‌ಗೆ ಮೀಸಲಿಟ್ಟರು. ಎಕರ್ಸ್‌ಲೀ 1992ರಲ್ಲಿ 51 ಸೇವ್ ಪಡೆದು, ಸೈ ಯಂಗ್ ಪ್ರಶಸ್ತಿಯ ಜೊತೆ ಲೀಗ್‌ನ ಅತ್ಯಂತ ಮೌಲ್ಯಯುತ ಆಟಗಾರ ಎಂಬ ಗೌರವವನ್ನೂ ಗಳಿಸಿದರು. ಉಳಿದ ತಂಡಗಳೂ ಅದೇ ದಾರಿ ಹಿಡಿದವು. ಒಂಬತ್ತನೆಯ ಇನಿಂಗ್ಸ್‌ನವನಿಗೆ ಕ್ಲೋಸರ್ ಎಂಬ ಹೆಸರು, ಸೇವ್‌ಗಳ ಎಣಿಕೆ, ಎಣಿಕೆಗೆ ತಕ್ಕ ಸಂಬಳ.

ತೊಂದರೆ ಇರುವುದು ಇಲ್ಲಿ. ಒಂಬತ್ತನೆಯ ಇನಿಂಗ್ಸ್‌ನಲ್ಲಿ ಮೂರು ರನ್ ಮುನ್ನಡೆ, ಬೇಸ್‌ಗಳೆಲ್ಲ ಖಾಲಿ: ಸಾಧಾರಣ ಪಿಚರ್ ಕೂಡ ಬಹುತೇಕ ಸಲ ಇದನ್ನು ದಾಟಿಸುತ್ತಾನೆ. ಏಳನೆಯ ಇನಿಂಗ್ಸ್‌ನಲ್ಲಿ ಒಂದೇ ರನ್ ಮುನ್ನಡೆ, ಮೂರೂ ಬೇಸ್‌ಗಳಲ್ಲಿ ಎದುರಾಳಿಗಳು, ಔಟ್ ಆದವನು ಒಬ್ಬನೇ: ಪಂದ್ಯದ ಹಣೆಬರಹ ತೀರ್ಮಾನವಾಗುವ ಈ ಕ್ಷಣಕ್ಕೆ ಸೇವ್ ಇಲ್ಲ. ತಂಡದ ಅತ್ಯುತ್ತಮ ಪಿಚರ್ ಸುಲಭದ ಕೆಲಸಕ್ಕೆ ಕಾಯುತ್ತ ಕುಳಿತು, ಕಠಿಣ ಕೆಲಸಕ್ಕೆ ಎರಡನೆಯ ದರ್ಜೆಯವನು ಹೋಗುವ ಪದ್ಧತಿ ಹೀಗೆ ಬೇರೂರಿತು.

2016ರ ಅಕ್ಟೋಬರ್‌ನಲ್ಲಿ ಇದರ ಎರಡು ಮುಖಗಳೂ ಒಟ್ಟಿಗೆ ಕಂಡವು. ಬಾಲ್ಟಿಮೋರ್ ತಂಡದ ಕ್ಲೋಸರ್ ಜ್ಯಾಕ್ ಬ್ರಿಟನ್ ಆ ಋತುವಿನಲ್ಲಿ 47 ಅವಕಾಶಗಳಲ್ಲಿ 47 ಸೇವ್ ಪಡೆದಿದ್ದರು, ಸರಾಸರಿ 0.54. ಸೋತರೆ ಮನೆಗೆ ಎಂಬಂಥ ಪಂದ್ಯ ಟೊರೊಂಟೊದಲ್ಲಿ ಸಮಬಲವಾಗಿ ಹೆಚ್ಚುವರಿ ಇನಿಂಗ್ಸ್‌ಗೆ ಹೋಯಿತು. ಮುನ್ನಡೆ ಸಿಕ್ಕರೆ ಕಾಯಲು ಬೇಕೆಂದು ಬ್ರಿಟನ್‌ರನ್ನು ಉಳಿಸಿಕೊಂಡರು. 11ನೆಯ ಇನಿಂಗ್ಸ್‌ನಲ್ಲಿ ಬೇರೊಬ್ಬ ಪಿಚರ್ ಎಸೆತಕ್ಕೆ ಎಡ್ವಿನ್ ಎನ್‌ಕಾರ್ನಾಸಿಯಾನ್ ಹೋಮ್‌ರನ್ (ಚೆಂಡನ್ನು ಮೈದಾನದಾಚೆ ಕಳುಹಿಸುವ ಹೊಡೆತ) ಬಾರಿಸಿದರು. ಆ ಋತುವಿನ ಶ್ರೇಷ್ಠ ರಿಲೀಫ್ ಪಿಚರ್ ಒಂದು ಎಸೆತವನ್ನೂ ಹಾಕದೆ ಅವರ ತಂಡ ಮನೆಗೆ ಹೋಯಿತು. ಅದೇ ತಿಂಗಳು ಕ್ಲೀವ್‌ಲ್ಯಾಂಡ್‌ನ ಮ್ಯಾನೇಜರ್ ಟೆರಿ ಫ್ರಾಂಕೋನಾ ತಮ್ಮ ಅತ್ಯುತ್ತಮ ರಿಲೀಫ್ ಪಿಚರ್ ಆ್ಯಂಡ್ರ್ಯೂ ಮಿಲ್ಲರ್ ಅವರನ್ನು ಐದು, ಆರು, ಏಳನೆಯ ಇನಿಂಗ್ಸ್‌ಗಳಲ್ಲೇ, ಅಪಾಯ ಕಂಡಲ್ಲೆಲ್ಲ ಕಳುಹಿಸಿದರು. ಮೇಜರ್ ಲೀಗ್‌ನ ಎರಡು ವಿಭಾಗಗಳಲ್ಲಿ ಒಂದಾದ ಅಮೆರಿಕನ್ ಲೀಗ್‌ನ ಫೈನಲ್ ಸರಣಿಯ ಶ್ರೇಷ್ಠ ಆಟಗಾರ ಮಿಲ್ಲರ್ ಆದರು. ಅವರೂ ಸ್ಟಾರ್ಟರ್ ಆಗಿ ಸೋತವರೇ: ತಂಡಗಳು ಸರದಿಯಂತೆ ಹೊಸಬರನ್ನು ಆರಿಸಿಕೊಳ್ಳುವ 2006ರ ಡ್ರಾಫ್ಟ್‌ನಲ್ಲಿ ಆರನೆಯವರಾಗಿ ಆಯ್ಕೆಯಾಗಿ, ವರ್ಷಗಟ್ಟಲೆ ತಡಕಾಡಿ, ಕೊನೆಗೆ ಬಾಸ್ಟನ್‌ನಲ್ಲಿ ರಿಲೀಫ್ ಕೆಲಸ ಹಿಡಿದ ಮೇಲೆ ಬೆಳಗಿದರು.

ಕೆಲಸದ ದಿನ ಹೇಗಿರುತ್ತದೆ ಎಂಬುದನ್ನೂ ನೋಡಬೇಕು. ಮೈದಾನದ ಅಂಚಿನಲ್ಲಿರುವ ಬುಲ್‌ಪೆನ್ ಎಂಬ ಆವರಣದಲ್ಲಿ ಈ ಎಂಟು ಮಂದಿ ಕುಳಿತಿರುತ್ತಾರೆ. ಅಲ್ಲೊಂದು ದೂರವಾಣಿ ಇದೆ. ಅದು ಮೊಳಗಿದರೆ ಕೋಚ್ ಒಂದು ಹೆಸರು ಹೇಳುತ್ತಾರೆ. ಆ ಹೆಸರಿನವನು ಜಾಕೆಟ್ ಬಿಚ್ಚಿ, ಮೊದಲು ಮೆಲ್ಲಗೆ, ಆಮೇಲೆ ಪೂರ್ತಿ ವೇಗದಲ್ಲಿ ಎಸೆಯತೊಡಗುತ್ತಾನೆ. ಅಷ್ಟರಲ್ಲಿ ಮೈದಾನದಲ್ಲಿರುವ ಪಿಚರ್ ಇನಿಂಗ್ಸ್ ಮುಗಿಸಿಬಿಟ್ಟರೆ ಇವನು ಮತ್ತೆ ಕುಳಿತುಕೊಳ್ಳಬೇಕು. ಅರ್ಧ ಗಂಟೆ ಬಿಟ್ಟು ದೂರವಾಣಿ ಮತ್ತೆ ಮೊಳಗಬಹುದು. ಆ ದಿನ ಅವನು ಆಡಿಯೇ ಇಲ್ಲ ಎಂದು ದಾಖಲೆ ಹೇಳುತ್ತದೆ. ಅವನ ಮೊಣಕೈ ಬೇರೆ ಲೆಕ್ಕ ಇಟ್ಟುಕೊಂಡಿರುತ್ತದೆ. ಮರುದಿನ ಮತ್ತೆ ಸಿದ್ಧನಿರಬೇಕು. ಯಾರನ್ನು ಎಷ್ಟು ಸಲ ಸುಮ್ಮನೆ ಬೆಚ್ಚಗಾಗಿಸಿ ಕೂರಿಸಿದರು ಎಂಬುದರ ಮೇಲೆ ಕಣ್ಣಿಡುವ ಮ್ಯಾನೇಜರ್‌ನನ್ನು ರಿಲೀಫ್ ಪಿಚರ್‌ಗಳು ಮನಸಾರೆ ಗೌರವಿಸುತ್ತಾರೆ.

ರಿವೇರಾ ಕಥೆಗೆ ಮರಳೋಣ. 1996ರ ಋತು ಮುಗಿದ ಮೇಲೆ ವೆಟ್‌ಲ್ಯಾಂಡ್ ತಂಡ ಬಿಟ್ಟರು, 1997ರಲ್ಲಿ ರಿವೇರಾ ಕ್ಲೋಸರ್ ಆದರು. ಆ ಜೂನ್‌ನಲ್ಲಿ ಡೆಟ್ರಾಯಿಟ್‌ನಲ್ಲಿ ಸಹ ಆಟಗಾರ ರಮಿರೊ ಮೆಂಡೋಜ ಜೊತೆ ಸುಮ್ಮನೆ ಚೆಂಡು ಎಸೆದಾಡುತ್ತಿದ್ದಾಗ ಅವರ ನೇರ ಎಸೆತ ಕೊನೆಯ ಗಳಿಗೆಯಲ್ಲಿ ತಾನಾಗಿ ಪಕ್ಕಕ್ಕೆ ಸರಿಯತೊಡಗಿತು. ಹಿಡಿಯಲಾಗದೆ ಮೆಂಡೋಜ ಸಿಟ್ಟಾದರು. ಕೋಚ್ ಜೊತೆ ಸೇರಿ ಅದನ್ನು ನೇರವಾಗಿಸಲು ನೋಡಿದರು, ಆಗಲಿಲ್ಲ, ಹಾಗೆಯೇ ಬಿಟ್ಟರು. ಅದೇ ಕಟರ್. ಬೆರಳಿನ ಹಿಡಿತ, ತೋಳಿನ ವೇಗ ಎಲ್ಲವೂ ಸಾಮಾನ್ಯ ವೇಗದ ಎಸೆತದಂತೆಯೇ ಕಾಣುತ್ತದೆ. ಬ್ಯಾಟರ್ ಬ್ಯಾಟ್ ಬೀಸಲು ತೀರ್ಮಾನಿಸಿದ ಮೇಲೆ ಚೆಂಡು ಕೆಲವು ಇಂಚು ಸರಿಯುತ್ತದೆ. ಎಡಗೈ ಬ್ಯಾಟರ್ ಆದರೆ ಅವನ ಕೈಗಳತ್ತ ನುಗ್ಗುತ್ತದೆ. ಬ್ಯಾಟ್‌ನ ದಪ್ಪ ಭಾಗಕ್ಕೆ ತಾಗಬೇಕಾದ ಚೆಂಡು ಹಿಡಿಕೆಯ ಬಳಿ ತಾಗುತ್ತದೆ, ಮರ ಸೀಳಿಹೋಗುತ್ತದೆ. ಹೀಗೆ ಮುರಿದ ಬ್ಯಾಟ್‌ಗಳನ್ನೇ ಜೋಡಿಸಿ ಮಾಡಿದ ತೂಗುಕುರ್ಚಿಯೊಂದನ್ನು ಮಿನೆಸೋಟ ಟ್ವಿನ್ಸ್ ತಂಡ 2013ರಲ್ಲಿ ಅವರಿಗೆ ವಿದಾಯದ ಉಡುಗೊರೆಯಾಗಿ ಕೊಟ್ಟಿತು. ಬರಲಿರುವುದು ಕಟರ್ ಎಂದು ಎಲ್ಲ ಬ್ಯಾಟರ್‌ಗಳಿಗೂ ಗೊತ್ತಿತ್ತು. ಹದಿನಾರು ವರ್ಷ ಗೊತ್ತಿದ್ದೂ ಬಹುತೇಕರಿಗೆ ಏನೂ ಮಾಡಲಾಗಲಿಲ್ಲ.

ಕ್ಲೋಸರ್‌ನ ಸೋಲು ಎಂಥದ್ದೆಂದು ತಿಳಿಯಲು 2001ರ ನವೆಂಬರ್ 4ರ ರಾತ್ರಿಯನ್ನು ನೋಡಬೇಕು. ಅರಿಜೋನ ವಿರುದ್ಧ ವರ್ಲ್ಡ್ ಸೀರೀಸ್‌ನ ಏಳನೆಯ, ಕೊನೆಯ ಪಂದ್ಯ. ಯಾಂಕೀಸ್ 2–1ರಿಂದ ಮುಂದೆ. ಎಂಟನೆಯ ಇನಿಂಗ್ಸ್‌ನಲ್ಲಿ ಬಂದ ರಿವೇರಾ ಮೂವರನ್ನೂ ಸ್ಟ್ರೈಕ್‌ಔಟ್ ಮಾಡಿದರು. ಒಂಬತ್ತರಲ್ಲಿ ಮಾರ್ಕ್ ಗ್ರೇಸ್ ಮೊದಲ ಬೇಸ್ ತಲುಪಿದರು. ಮುಂದಿನ ಬ್ಯಾಟರ್ ಮೆಲ್ಲಗೆ ತಟ್ಟಿದ ಚೆಂಡನ್ನು ರಿವೇರಾ ಹಿಡಿದು ಎರಡನೆಯ ಬೇಸ್‌ಗೆ ಎಸೆದರು. ಎಸೆತ ಗುರಿ ತಪ್ಪಿತು. ಸ್ವಲ್ಪ ಹೊತ್ತಿನಲ್ಲೇ ಟೋನಿ ವೊಮ್ಯಾಕ್ ಹೊಡೆತದಿಂದ ಪಂದ್ಯ ಸಮಬಲ. ಬೇಸ್‌ಗಳು ತುಂಬಿದವು. ಮೂರನೆಯ ಬೇಸ್‌ನಲ್ಲಿದ್ದ ಓಟಗಾರನನ್ನು ತಡೆಯಲು ಒಳ ಫೀಲ್ಡರ್‌ಗಳು ಮುಂದೆ ಬಂದು ನಿಂತರು. ಲೂಯಿಸ್ ಗೊನ್ಜಾಲೆಜ್‌ಗೆ ಎಸೆದ ಕಟರ್ ಎಂದಿನಂತೆ ಕೈಗಳತ್ತ ನುಗ್ಗಿತು, ಎಂದಿನಂತೆ ಬ್ಯಾಟ್‌ನ ತೆಳುಭಾಗಕ್ಕೆ ತಾಗಿತು. ಬಲವಿಲ್ಲದ ಚೆಂಡು ಮೇಲೆದ್ದು, ಎಂದಿನ ಜಾಗದಲ್ಲಿ ನಿಂತಿದ್ದರೆ ಶಾರ್ಟ್‌ಸ್ಟಾಪ್‌ಗೆ ಸುಲಭದ ತುತ್ತಾಗಬಹುದಿದ್ದ ಕಡೆ ಬಿತ್ತು. ಸರಣಿ ಮುಗಿಯಿತು.

ಎಸೆತದಲ್ಲಿ ದೋಷವಿರಲಿಲ್ಲ, ಆದರೂ ಸೋಲು ಅವರ ಹೆಸರಿಗೆ ಬಂತು. 2004ರಲ್ಲಿ ಬಾಸ್ಟನ್ ವಿರುದ್ಧ, ಇನ್ನು ಮೂರು ಔಟ್ ಸಿಕ್ಕರೆ ಎದುರಾಳಿ ಹೊರಬೀಳುತ್ತದೆ ಎಂಬ ಹಂತದಲ್ಲಿ ಮುನ್ನಡೆ ಮತ್ತೆ ಅವರ ಕೈಜಾರಿತು. ಬಾಸ್ಟನ್ 0–3ರಿಂದ ಮೇಲೆದ್ದು ಸರಣಿಯನ್ನೇ ಗೆದ್ದಿತು. ಮರುವರ್ಷದ ಏಪ್ರಿಲ್‌ನಲ್ಲಿ ರಿವೇರಾ ಹೆಸರು ಘೋಷಿಸಿದಾಗ ಬಾಸ್ಟನ್‌ನ ಪ್ರೇಕ್ಷಕರು ಜೋರಾಗಿ ಚಪ್ಪಾಳೆ ತಟ್ಟಿ ಅಣಕಿಸಿದರು. ರಿವೇರಾ ನಕ್ಕು ಟೋಪಿ ಎತ್ತಿ ವಂದಿಸಿದರು. ವೃತ್ತಿಜೀವನದ ಕೊನೆಗೆ ಅವರ ಖಾತೆಯಲ್ಲಿ 652 ಸೇವ್, ಸರಾಸರಿ 2.21. ಋತುವಿನ ಕೊನೆಯ ನಿರ್ಣಾಯಕ ಸರಣಿಗಳಲ್ಲಿ ಮಾತ್ರ ಲೆಕ್ಕ ಹಾಕಿದರೆ 141 ಇನಿಂಗ್ಸ್‌ಗಳಲ್ಲಿ ಸರಾಸರಿ 0.70. ಪಂದ್ಯ ದೊಡ್ಡದಾದಂತೆ ಅವರ ಎಸೆತಗಳ ತೂಕ ಹೆಚ್ಚಿತು ಎಂಬುದಕ್ಕೆ ಈ ಕೊನೆಯ ಅಂಕಿಯೇ ಸಾಕ್ಷಿ. ಸೇವ್‌ಗಳ ರಾಶಿಗಿಂತ ನಾನು ಇದನ್ನೇ ಮುಂದಿಡುತ್ತೇನೆ.

ರಿವೇರಾ ಹತ್ತೊಂಬತ್ತು ಋತು ಒಂದೇ ತಂಡಕ್ಕೆ ಆಡಿದರು. ಇದು ಅಪವಾದ. ಸಾಮಾನ್ಯ ರಿಲೀಫ್ ಪಿಚರ್‌ನ ಬದುಕು ಪೆಟ್ಟಿಗೆ ಬಿಚ್ಚದ ಬದುಕು. ಆಕ್ಟಾವಿಯೊ ಡೊಟೆಲ್ 13 ತಂಡಗಳಿಗೆ ಆಡಿದ್ದಾರೆ. ಹೊಸಬರನ್ನು ನಿಗದಿತ ಮಿತಿಯೊಳಗೆ ಮೈನರ್ ಲೀಗ್‌ಗೆ ಕಳುಹಿಸಿ ವಾಪಸ್ ಕರೆಸುವ ಹಕ್ಕು ತಂಡಕ್ಕಿದೆ. ನಿನ್ನೆ ಮೂರು ಇನಿಂಗ್ಸ್ ಎಸೆದು ತಂಡವನ್ನು ಕಾಪಾಡಿದವನು ಇಂದು ದಣಿದಿದ್ದಾನೆ ಎಂಬ ಕಾರಣಕ್ಕೇ ಕೆಳಗೆ ಹೋಗುತ್ತಾನೆ, ತಾಜಾ ತೋಳಿನವನು ಮೇಲೆ ಬರುತ್ತಾನೆ. ಇದರಿಂದ ಹಣದ ನಷ್ಟವೂ ಇದೆ. ಮೇಜರ್ ಲೀಗ್‌ನ ಕನಿಷ್ಠ ಸಂಬಳ 2025ರಲ್ಲಿ ವರ್ಷಕ್ಕೆ 7,60,000 ಡಾಲರ್. ಅದು ಸಿಗುವುದು ಮೇಲಿನ ತಂಡದಲ್ಲಿದ್ದ ದಿನಗಳಿಗೆ ಮಾತ್ರ. ಅಂಥ 172 ದಿನ ಸೇರಿದರೆ ಒಂದು ವರ್ಷದ ಸೇವೆ. ಆರು ವರ್ಷ ಸೇವೆ ತುಂಬಿದ ಮೇಲಷ್ಟೇ ತನಗೆ ಬೇಕಾದ ತಂಡದೊಂದಿಗೆ ಮಾತನಾಡುವ ಸ್ವಾತಂತ್ರ್ಯ.

ಅವನ ಅಂಕಿಗಳು ಕೂಡ ಅವನಿಗೆ ನ್ಯಾಯ ಒದಗಿಸುವುದಿಲ್ಲ. ಋತುವಿಗೆ 60 ಇನಿಂಗ್ಸ್ ಎಸೆದು 20 ರನ್ ಕೊಟ್ಟರೆ ಸರಾಸರಿ 3.00, ಒಳ್ಳೆಯ ವರ್ಷ. ಅದಕ್ಕೆ ಐದು ರನ್ ಕೊಟ್ಟ ಒಂದೇ ಒಂದು ಕೆಟ್ಟ ಇನಿಂಗ್ಸ್ ಸೇರಿಸಿ ನೋಡಿ: ಸರಾಸರಿ 3.69ಕ್ಕೆ ಏರುತ್ತದೆ. ಇನ್ನೂರು ಇನಿಂಗ್ಸ್ ಎಸೆಯುವ ಸ್ಟಾರ್ಟರ್‌ಗೆ ಅಂಥ ಕಲೆ ಮಾಸಲು ಅವಕಾಶವಿದೆ, ಇವನಿಗಿಲ್ಲ. ನಿಯಮ ಬದಲಾದರೆ ಇಡೀ ಉಪವೃತ್ತಿಯೇ ಅಳಿಯುವುದೂ ಉಂಟು. ಒಬ್ಬ ಎಡಗೈ ಬ್ಯಾಟರ್‌ನನ್ನು ಔಟ್ ಮಾಡಲೆಂದೇ ಬರುತ್ತಿದ್ದ ಎಡಗೈ ಪಿಚರ್‌ಗಳಿದ್ದರು. ಜೆಸ್ಸಿ ಒರೊಸ್ಕೊ ತಮ್ಮ ಕೊನೆಯ ವರ್ಷಗಳಲ್ಲಿ ಈ ಕೆಲಸ ಮಾಡಿಕೊಂಡೇ 46ನೆಯ ವಯಸ್ಸಿನವರೆಗೆ ಆಡಿದರು; ಅವರ 1,252 ಪಂದ್ಯಗಳು ಪಿಚರ್‌ಗಳಲ್ಲಿ ದಾಖಲೆ. 2020ರಿಂದ ಬಂದವನು ಕನಿಷ್ಠ ಮೂವರು ಬ್ಯಾಟರ್‌ಗಳಿಗೆ ಎಸೆಯಬೇಕು ಅಥವಾ ಇನಿಂಗ್ಸ್ ಮುಗಿಸಬೇಕು ಎಂಬ ನಿಯಮ ಬಂತು. ಆ ಕೆಲಸ ಅಲ್ಲಿಗೆ ನಿಂತಿತು.

ಭಾರತದ ಇಬ್ಬರು ಈ ದಾರಿಯ ಮೊದಲ ಮೆಟ್ಟಿಲುಗಳನ್ನು ಕಂಡಿದ್ದಾರೆ. ಉತ್ತರ ಪ್ರದೇಶದ ಜಾವೆಲಿನ್ ಎಸೆತಗಾರರಾದ ರಿಂಕು ಸಿಂಗ್ ಮತ್ತು ದಿನೇಶ್ ಪಟೇಲ್ 2008ರಲ್ಲಿ ವೇಗದ ಎಸೆತದ ಸ್ಪರ್ಧೆಯೊಂದರಿಂದ ಬೆಳಕಿಗೆ ಬಂದು, ಪಿಟ್ಸ್‌ಬರ್ಗ್ ಪೈರೇಟ್ಸ್ ಜೊತೆ ಒಪ್ಪಂದ ಮಾಡಿಕೊಂಡು, ಕೆಳಹಂತದ ಲೀಗ್‌ಗಳಲ್ಲಿ ರಿಲೀಫ್ ಪಿಚರ್ ಆಗಿ ಆಡಿದರು. ಬೇಸ್‌ಬಾಲ್ ಹಿಡಿದು ಎರಡು ವರ್ಷವೂ ತುಂಬದವರು ಅಲ್ಲಿ ಎಸೆದರೆಂಬುದೇ ದೊಡ್ಡದು. ಇಬ್ಬರೂ ಮೇಜರ್ ಲೀಗ್ ತಲುಪಲಿಲ್ಲ.

2019ರಲ್ಲಿ ರಿವೇರಾ ಬೇಸ್‌ಬಾಲ್ ಶ್ರೇಷ್ಠರ ಗೌರವ ಪಟ್ಟಿಯಾದ ಹಾಲ್ ಆಫ್ ಫೇಮ್‌ಗೆ ಆಯ್ಕೆಯಾದಾಗ ಮತ ಹಾಕಿದ 425 ಬರಹಗಾರರಲ್ಲಿ 425 ಮಂದಿಯೂ ಅವರ ಹೆಸರು ಬರೆದಿದ್ದರು. ಹೀಗೆ ಒಂದು ಮತವನ್ನೂ ಕಳೆದುಕೊಳ್ಳದೆ ಆಯ್ಕೆಯಾದ ಮೊದಲ ಆಟಗಾರ, ಯಾವುದೇ ಬಗೆಯ ಆಟಗಾರರಲ್ಲಿ, ಒಬ್ಬ ರಿಲೀಫ್ ಪಿಚರ್. ಆದರೂ ಈ ವೃತ್ತಿಯ ಬಗ್ಗೆ ಮತದಾರರ ಅನುಮಾನ ಹೋಗಿಲ್ಲ. ಬಾಲ್ಯದಲ್ಲಿ ಬಲಗೈ ಮುರಿದು ಎಡಗೈಯಲ್ಲಿ ಎಸೆಯಲು ಕಲಿತ ಬಿಲ್ಲಿ ವ್ಯಾಗ್ನರ್ 422 ಸೇವ್ ಪಡೆದಿದ್ದರು. 2016ರಲ್ಲಿ ಅವರ ಹೆಸರು ಮೊದಲ ಸಲ ಮತಕ್ಕೆ ಬಂದಾಗ ಸಿಕ್ಕದ್ದು ಸುಮಾರು ಹತ್ತು ಪ್ರತಿಶತ. ಒಟ್ಟು 903 ಇನಿಂಗ್ಸ್ ಎಸೆದವರಿಗೆ, ಅಂದರೆ ಒಳ್ಳೆಯ ಸ್ಟಾರ್ಟರ್ ಐದು ವರ್ಷದಲ್ಲಿ ಎಸೆಯುವಷ್ಟನ್ನೇ ಎಸೆದವರಿಗೆ, ಆ ಗೌರವ ಸಲ್ಲಬೇಕೇ ಎಂದು ಮತದಾರರು ವರ್ಷವರ್ಷವೂ ವಾದಿಸಿದರು. ಹತ್ತನೆಯ, ಕೊನೆಯ ಅವಕಾಶದಲ್ಲಿ, 2025ರಲ್ಲಿ ವ್ಯಾಗ್ನರ್ ಆಯ್ಕೆಯಾದರು. ನಾನೂರು ಸೇವ್ ದಾಟಿದ ಕೆನ್ಲಿ ಜಾನ್ಸನ್ ಮತ್ತು ಕ್ರೇಗ್ ಕಿಂಬ್ರೆಲ್ ಅವರ ಸರದಿ ಬಂದಾಗ ಅದೇ ವಾದ ಮತ್ತೆ ಶುರುವಾಗಲಿದೆ.